ಮಾಲೀಕರ ಹೊಣೆಯ ಮೇಲೆ

ವರ್ಗಾವಣೆಯ ನೌಕರಿಯಲ್ಲಿರುವ ನಮ್ಮಂಥ ಹೊರನಾಡ ಕನ್ನಡಿಗರಿಗೆ ರೈಲ್ವೆಯ ಪಾರ್ಸೆಲ್ ಕಚೇರಿ ಹೊಸದಲ್ಲ. ಪಾತ್ರೆಪಗಡಗಳನ್ನೂ ಪುಸ್ತಕದ ಪೆಟ್ಟಿಗೆಗಳನ್ನೂ ಗೋಣಿಯಲ್ಲಿ ಹೊಲಿಸಿ ಅಲ್ಲಿ ಒಪ್ಪಿಸುತ್ತೇವೆ, ರಸೀದಿಯನ್ನು ಜೇಬಿಗಿಟ್ಟು ಹೊರಡುತ್ತೇವೆ. ಸರಕು ದಾರಿಯಲ್ಲಿ ಕಳೆದರೆ ಹೊಣೆ ಯಾರದೆಂಬ ಪ್ರಶ್ನೆ ಆಗ ಮನಸ್ಸಿಗೆ ಬರುವುದಿಲ್ಲ. ಆ ಪ್ರಶ್ನೆಗೆ ದೀರ್ಘ ಚರಿತ್ರೆಯಿದೆ.

ಇಂಗ್ಲೆಂಡಿನ ಹಳೆಯ ನ್ಯಾಯ ಈ ವಿಷಯದಲ್ಲಿ ನಿಷ್ಠುರವಾಗಿತ್ತು. ಬಾಡಿಗೆ ಪಡೆದು ಸಾರ್ವಜನಿಕರ ಸರಕು ಸಾಗಿಸುವವನು, ದೈವಕೃತ್ಯ ಮತ್ತು ದೊರೆಯ ಶತ್ರುಗಳ ಕೃತ್ಯಗಳನ್ನುಳಿದು, ಎಲ್ಲ ನಷ್ಟಕ್ಕೂ ಹೊಣೆಗಾರ. 1703ರ ಕಾಗ್ಸ್–ಬರ್ನಾರ್ಡ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಹೋಲ್ಟ್ ಇದರ ಕಾರಣವನ್ನು ಬಿಡಿಸಿ ಹೇಳಿದರು: ಸಾಗಿಸುವವನು ಕಳ್ಳರೊಡನೆ ಕೈಜೋಡಿಸಿದರೆ ಅದನ್ನು ಪತ್ತೆಹಚ್ಚುವ ದಾರಿ ಮಾಲೀಕನಿಗಿಲ್ಲ.

ಭಾರತದ ರೈಲ್ವೆಗಳಿಗೆ ಈ ನಿಷ್ಠುರತೆ ಬೇಡವಾಗಿತ್ತು. 1890ರ ರೈಲ್ವೆ ಕಾಯಿದೆಯ 72ನೆಯ ಕಲಮು ಇಂಗ್ಲಿಷ್ ನ್ಯಾಯವನ್ನೂ 1865ರ ಕ್ಯಾರಿಯರ್ಸ್ ಕಾಯಿದೆಯನ್ನೂ ಬದಿಗಿಟ್ಟಿತು. ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಜಾಗ್ರತೆಯನ್ನು ರೈಲ್ವೆ ವಹಿಸಿದರೆ ಸಾಕೆಂದಿತು. ಲಿಖಿತ ಒಪ್ಪಂದದ ಮೂಲಕ ಅದನ್ನೂ ಕುಗ್ಗಿಸಲು ಅವಕಾಶವಿತ್ತು. ಆ ಒಪ್ಪಂದವೇ 'ರಿಸ್ಕ್ ನೋಟ್'.

ಅದರ 'ಬಿ' ನಮೂನೆಯ ಜಾಣತನ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಡಿಮೆ ದರ ಬೇಕೆಂದವರು ಅದಕ್ಕೆ ಸಹಿ ಹಾಕಬೇಕಿತ್ತು. ಇಡೀ ಮೂಟೆಯೇ ಕಾಣೆಯಾಗಿ, ಅದಕ್ಕೆ ರೈಲ್ವೆಯ ಬೇಕೆಂದೇ ಮಾಡಿದ ಅಲಕ್ಷ್ಯವೋ ನೌಕರರ ಕಳವೋ ಕಾರಣವಾಗಿದ್ದರೆ ಮಾತ್ರ ಪರಿಹಾರ. ಮೂಟೆ ಬಿಚ್ಚಿ ಅರ್ಧ ದೋಚಿದ್ದರೆ ಏನೂ ಇಲ್ಲ. ಬೆಂಕಿಯನ್ನಾಗಲಿ, ಓಡುವ ಗಾಡಿಯಲ್ಲಾದ ದರೋಡೆಯನ್ನಾಗಲಿ ಅಲಕ್ಷ್ಯವೆಂದು ಎಣಿಸುವಂತಿರಲಿಲ್ಲ. ಹುಬ್ಬಳ್ಳಿಯಿಂದ ಮುಂಬಯಿಗೆ ಅರಳೆ ಕಳಿಸಿದ ವರ್ತಕನೊಬ್ಬನನ್ನು ಊಹಿಸಿಕೊಳ್ಳೋಣ. ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ವ್ಯಾಗನ್ನಿನ ಬಾಗಿಲು ತೆರೆದವರು ಯಾರೆಂಬುದನ್ನು ಅವನು ಹೇಗೆ ರುಜುವಾತುಪಡಿಸಬೇಕು? ಗಾರ್ಡನೂ ರೈಲ್ವೆಯವನು, ದಾಖಲೆಯೂ ರೈಲ್ವೆಯದು. ಕಡತಗಳ ನಡುವೆಯೇ ಬದುಕುವ ನಮಗೆ ಈ ಕಷ್ಟವನ್ನು ಯಾರೂ ವಿವರಿಸಬೇಕಿಲ್ಲ. ಹೋಲ್ಟ್ ಯಾವ ಭಯದಿಂದ ಹೊಣೆಯನ್ನು ಬಿಗಿಗೊಳಿಸಿದ್ದರೋ ಅದೇ ಸ್ಥಿತಿಗೆ ಇಲ್ಲಿನ ಮಾಲೀಕನನ್ನು ಕಾಯಿದೆಯೇ ದೂಡಿತ್ತು.

1924ರಲ್ಲಿ ನಮೂನೆಗಳು ಪರಿಷ್ಕೃತವಾದವು. ತನ್ನ ವಶದಲ್ಲಿದ್ದಷ್ಟು ಕಾಲ ಸರಕನ್ನು ಹೇಗೆ ನಿರ್ವಹಿಸಿದೆನೆಂಬುದನ್ನು ರೈಲ್ವೆ ಬಹಿರಂಗಪಡಿಸಬೇಕಾಯಿತು. ನಿಜವಾದ ತಿರುವು ಬಂದದ್ದು ಸ್ವಾತಂತ್ರ್ಯಾನಂತರ. 1961ರ ತಿದ್ದುಪಡಿ 1962ರ ಜನವರಿ 1ರಿಂದ ಜಾರಿಗೆ ಬಂದು, ಸಾಗಣೆಗಾರನ ಹಳೆಯ ಕಟ್ಟುನಿಟ್ಟಿನ ಹೊಣೆಯನ್ನು ರೈಲ್ವೆಯ ಮೇಲೆ ಹೊರಿಸಿತು. 1989ರ ಕಾಯಿದೆಯ 93ನೆಯ ಕಲಮು ಅದನ್ನೇ ಮುಂದುವರಿಸಿದೆ: ದೈವಕೃತ್ಯ, ಯುದ್ಧ, ಬೆಂಕಿ ಮೊದಲಾದ ವಿನಾಯಿತಿಗಳಿದ್ದರೂ, ತಾನು ತಕ್ಕ ಎಚ್ಚರ ವಹಿಸಿದ್ದೆನೆಂದು ರೈಲ್ವೆಯೇ ಸಾಬೀತು ಮಾಡಬೇಕು.

ಆದರೆ 'ಮಾಲೀಕರ ಹೊಣೆಯ ದರ' ಇನ್ನೂ ಉಳಿದಿದೆ. ಆ ದರದಲ್ಲಿ ಕಳಿಸಿದ ಸರಕಿನ ಮಟ್ಟಿಗೆ ಅಲಕ್ಷ್ಯವನ್ನು ಸಾಬೀತುಪಡಿಸುವ ಭಾರ ಮತ್ತೆ ಮಾಲೀಕನದೇ. ಇಡೀ ಮೂಟೆಯೇ ತಲುಪದಿದ್ದರೆ ಸಾಮಾನ್ಯವಾಗಿ ರೈಲ್ವೆ ಅದರ ವೃತ್ತಾಂತ ಹೇಳಬೇಕಾಗುತ್ತದೆ. ಪರಿಹಾರದ ಲಿಖಿತ ನೋಟಿಸು ಆರು ತಿಂಗಳೊಳಗೆ ತಲುಪಬೇಕು. ಎರಡೂ ದರಗಳು ಲಭ್ಯವಿದ್ದು, ಕಳಿಸುವವರು ಯಾವುದನ್ನೂ ಆರಿಸದಿದ್ದರೆ, 63ನೆಯ ಕಲಮಿನ ಪ್ರಕಾರ ಸರಕು ಮಾಲೀಕರ ಹೊಣೆಯ ಮೇಲೆಯೇ ಹೊರಡುತ್ತದೆ.