ನಾಲ್ಕೂವರೆ ಗಂಟೆ: ಲಕ್ವಾ ಚಿಕಿತ್ಸೆಯ ಚರಿತ್ರೆ, ಡೊಂಬಿವಲಿಯ ಒಂದು ಮನೆಯಿಂದ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದು ಹಾಕ್ತಿದ್ದೀನಿ. ಅಲ್ಲಲ್ಲಿ ತಿದ್ದಿದ್ದೀನಿ, ಅಷ್ಟೇ. ಲೋಕಲ್‌ನಲ್ಲಿ ಒಂದು ಕೈಲಿ ಹಿಡಿಕೆ ಹಿಡಿದು ಇನ್ನೊಂದು ಕೈಲಿ ಮೊಬೈಲ್ ಹಿಡಿದವರಿಗೆ ಓದೋದೇ ಸಲೀಸು ಅಂತ ನನಗೂ ಗೊತ್ತು.

ಇವತ್ತಿನ ವಿಷಯ ಪಾರ್ಶ್ವವಾಯು. ನಮ್ಮ ಗದಗ ಕಡೆ ಲಕ್ವಾ ಅಂತೀವಿ, ಇಲ್ಲಿ ಮರಾಠಿಯವರೂ ಲಕ್ವಾ ಅಂತಾರೆ. ಅದರ ಚಿಕಿತ್ಸೆಯ ಚರಿತ್ರೆಯನ್ನು ಹೇಳಬೇಕಾದರೆ ನಾನು ನಮ್ಮ ಮನೆಯಿಂದಲೇ ಶುರು ಮಾಡಬೇಕು.

2013ರ ಡಿಸೆಂಬರ್. ಆಗ ನಾನು ಮಹಾಪೆಯ ಒಂದು ಕಂಪನಿಯಲ್ಲಿದ್ದೆ, ಮನೆ ಡೊಂಬಿವಲಿ ಪೂರ್ವದ ಮಾನಪಾಡಾ ರಸ್ತೆ ಕಡೆ. ಅಪ್ಪ, ಅವ್ವ ಊರಿಂದ ಬಂದಿದ್ದರು. ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂತಾಗ ಅಪ್ಪನ ಬಲಗೈಯಿಂದ ರೊಟ್ಟಿ ತುಣುಕು ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. "ಕೈ ಜೋಮ ಹಿಡದೈತಿ" ಅಂದರು. ಅವ್ವ "ಗಾಳಿ ಬಡದಿರಬೇಕು, ಎಣ್ಣಿ ಕಾಸಿ ಹಚ್ಚತೀನಿ. ನೀ ಮಲಗಪ್ಪಾ, ನಾಳೆ ಮೀಟಿಂಗ್ ಐತಿ ಅಂದಿದ್ದೆಲ್ಲ" ಅಂದಳು. ನಾನು ಮಲಗಿದೆ.

ಬೆಳಗ್ಗೆ ಆರಕ್ಕೆ ಅಪ್ಪನ ಬಾಯಿ ಒಂದು ಕಡೆ ಎಳೆದಿತ್ತು, ಮಾತು ಹೋಗಿತ್ತು. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ 2008ರಿಂದಲೇ ಇತ್ತು, ಮಹಾರಾಷ್ಟ್ರದಲ್ಲಿ ಅದು ಶುರುವಾದದ್ದು 2014ರಲ್ಲಿ. ಆಟೋದಲ್ಲಿ ಹೋದೆವು. ಮೊದಲು ಹೋದ ನರ್ಸಿಂಗ್ ಹೋಮ್‌ನಲ್ಲಿ ಸ್ಕ್ಯಾನ್ ಮೆಷಿನ್ ಇರಲಿಲ್ಲ. ಎರಡನೇ ಕಡೆ ಸ್ಕ್ಯಾನ್ ಆಗುವಾಗ ಗಂಟೆ ಒಂಬತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಶುರುವಾಗಿದ್ದು ಎಷ್ಟು ಗಂಟೆಗೆ?" ನಾನು "ಆರಕ್ಕೆ" ಅಂದೆ. ಅವ್ವ ನನ್ನ ಮುಖ ನೋಡಿ, "ಇಲ್ಲ, ರಾತ್ರಿ ಒಂಬತ್ತೂವರಿಗೆ" ಅಂದಳು. ಡಾಕ್ಟರ್ ಮತ್ತೇನೂ ಕೇಳಲಿಲ್ಲ.

ಆ ಒಂದು ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅನ್ನೋದು ನನಗೆ ತಿಳಿಯಲಿಕ್ಕೆ ಎರಡು ವರ್ಷ ಹಿಡಿಯಿತು.

ಗಡಿಯಾರ ಬಂದದ್ದು

1995ಕ್ಕೆ ಮೊದಲು ಲಕ್ವಾ ಹೊಡೆದ ಗಂಟೆ ಯಾವುದು ಅಂತ ಕೇಳಿ ಡಾಕ್ಟರಿಗೆ ದೊಡ್ಡ ಲಾಭ ಇರಲಿಲ್ಲ. ಯಾಕಂದ್ರೆ ಗಂಟೆ ಗೊತ್ತಾದರೂ ಆಗ ಕೊಡಲಿಕ್ಕೆ ಔಷಧಿ ಇರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಎನ್‌ಐಎನ್‌ಡಿಎಸ್ ಸಂಸ್ಥೆಯ ಪ್ರಯೋಗ ಪ್ರಕಟವಾಯಿತು. 624 ರೋಗಿಗಳು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಮೂರು ಗಂಟೆಯೊಳಗೆ ಕೊಟ್ಟರೆ, ಮೂರು ತಿಂಗಳ ನಂತರ ಹೆಚ್ಚು ಕಡಿಮೆ ಮೊದಲಿನಂತೆ ಆಗುವವರ ಪ್ರಮಾಣ ಕನಿಷ್ಠ ಶೇ. 30ರಷ್ಟು ಹೆಚ್ಚುತ್ತೆ ಅಂತ ಗೊತ್ತಾಯಿತು. ಅಪಾಯವೂ ಇತ್ತು. ಔಷಧಿ ಕೊಟ್ಟವರಲ್ಲಿ ಶೇ. 6.4 ಜನರಿಗೆ ಮೆದುಳಿನೊಳಗೆ ರಕ್ತ ಸೋರಿ ಸ್ಥಿತಿ ಬಿಗಡಾಯಿಸಿತು, ಕೊಡದವರಲ್ಲಿ ಅದು ಶೇ. 0.6.

ಅದಕ್ಕೇ ನೋಡಿ, ಸಿಟಿ ಸ್ಕ್ಯಾನ್ ಇಲ್ಲದೆ ಈ ಔಷಧಿ ಕೊಡುವ ಹಾಗಿಲ್ಲ. ಲಕ್ವಾದಲ್ಲಿ ಎರಡು ಜಾತಿ: ನಾಳ ಕಟ್ಟಿಕೊಳ್ಳೋದು, ನಾಳ ಒಡೆಯೋದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ. ಒಡೆದವರಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಜೀವಕ್ಕೇ ಸಂಚಕಾರ.

2008ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗ, 821 ರೋಗಿಗಳನ್ನು ನೋಡಿ, ಮೂರು ಗಂಟೆಯ ಗಡುವನ್ನು ನಾಲ್ಕೂವರೆಗೆ ಎಳೆಯಿತು. ಅಂದ್ರೆ ನಮ್ಮ ಮನೆಯಲ್ಲಿ ರೊಟ್ಟಿ ಜಾರಿದ ರಾತ್ರಿ ಆ ಜ್ಞಾನಕ್ಕೆ ಐದು ವರ್ಷ ತುಂಬಿತ್ತು. ರಾತ್ರಿ ಎರಡು ಗಂಟೆಯವರೆಗೆ ಬಾಗಿಲು ತೆರೆದಿತ್ತು. ನಾನು ನಿದ್ದೆಯಲ್ಲಿದ್ದೆ.

2015ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮೆದುಳಿನ ದೊಡ್ಡ ನಾಳದ ಹೆಪ್ಪನ್ನೇ ಎಳೆದು ತೆಗೆಯೋದು. ನೆದರ್‌ಲೆಂಡ್ಸ್‌ನ 500 ರೋಗಿಗಳ ಪ್ರಯೋಗದಲ್ಲಿ ಸ್ವಂತ ಕೆಲಸ ತಾವೇ ಮಾಡಿಕೊಳ್ಳುವ ಮಟ್ಟಕ್ಕೆ ಬಂದವರು ಶೇ. 32.6, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 19.1. 2018ರ ಹೊತ್ತಿಗೆ, ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಭಾಗ ಕಂಡ ಕೆಲವರಿಗೆ 24 ಗಂಟೆಯವರೆಗೂ ಇದರಿಂದ ಲಾಭ ಇದೆ ಅಂತ ಸಾಬೀತಾಯಿತು. ಹಾಗಂತ ನಿಧಾನ ಮಾಡುವ ಹಾಗಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದರು. ಶಿಳ್‌ಫಾಟಾದಲ್ಲಿ ಸಿಕ್ಕಿಕೊಂಡ ಅರ್ಧ ಗಂಟೆಗೆ ಎಷ್ಟಾಯಿತು, ನೀವೇ ಗುಣಿಸಿ.

ತಲೆ ಎಣಿಸಿದವರು

ಔಷಧಿಗಿಂತ ಮೊದಲು ನಡೆಯಬೇಕಾದ ಕೆಲಸ ಎಣಿಕೆ. ಎಷ್ಟು ಜನಕ್ಕೆ ಬರುತ್ತೆ ಅಂತ ಗೊತ್ತಿಲ್ಲದೆ ಆಸ್ಪತ್ರೆ ಎಲ್ಲಿ ಕಟ್ಟೋದು? ಇದರಲ್ಲಿ ಮುಂಬಯಿಯ ಪಾಲು ದೊಡ್ಡದು. ಡಾ. ನಾದಿರ್ ಭರೂಚಾ ಮತ್ತು ಜೊತೆಗಾರರು 1980ರ ದಶಕದಲ್ಲಿ ಪಾರ್ಸಿ ಕಾಲೊನಿಗಳಲ್ಲಿ ಮನೆಮನೆಗೆ ಹೋಗಿ 14,010 ಜನರನ್ನು ಲೆಕ್ಕಕ್ಕೆ ತಗೊಂಡರು. ಲಕ್ಷಕ್ಕೆ 842 ಮಂದಿ ಲಕ್ವಾ ಆಗಿ ಬದುಕಿದ್ದವರು. ವಯಸ್ಸಾದವರೇ ಹೆಚ್ಚಿರುವ ಸಮುದಾಯ, ಹಾಗಾಗಿ ಸಂಖ್ಯೆ ಅಷ್ಟು ದೊಡ್ಡದು.

ಆಮೇಲೆ 2005 ಮತ್ತು 2006ರಲ್ಲಿ ಲೀಲಾವತಿ ಆಸ್ಪತ್ರೆಯ ಡಾ. ಪಿ. ಎಂ. ದಲಾಲ್ ತಂಡ ಮುಂಬಯಿಯ ಒಂದು ವಾರ್ಡನ್ನೇ ಆರಿಸಿಕೊಂಡು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಎರಡು ವರ್ಷ ಕಣ್ಣಿಟ್ಟಿತು. ವರ್ಷಕ್ಕೆ ಲಕ್ಷದಲ್ಲಿ 145 ಹೊಸ ಕೇಸು. 28 ದಿನದೊಳಗೆ ತೀರಿಕೊಂಡವರು ಶೇ. 30ರ ಹತ್ತಿರ.

ನಮ್ಮ ಕರ್ನಾಟಕದಲ್ಲೂ ಎಣಿಕೆ ನಡೆದಿತ್ತು. 1990ರ ದಶಕದಲ್ಲಿ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ತಂಡ ಬೆಂಗಳೂರು ನಗರ, ಹಳ್ಳಿ ಎರಡೂ ಸೇರಿಸಿ 1,02,557 ಜನರ ಸಮೀಕ್ಷೆ ಮಾಡಿತು. ಬರೀ ಲಕ್ವಾ ಅಲ್ಲ, ನರದ ಎಲ್ಲ ಕಾಯಿಲೆ. ಹಳ್ಳಿಯಲ್ಲಿ ಲಕ್ಷಕ್ಕೆ 4,070, ಪಟ್ಟಣದಲ್ಲಿ 2,190. ಹಳ್ಳಿಯಲ್ಲಿ ಹತ್ತಿರಹತ್ತಿರ ದುಪ್ಪಟ್ಟು. ನರರೋಗ ತಜ್ಞರು ಇರೋದು ಎಲ್ಲಿ? ಪಟ್ಟಣದಲ್ಲಿ. ಅಪ್ಪ, ಅಮ್ಮನನ್ನು ಊರಲ್ಲಿ ಬಿಟ್ಟು ಬಂದಿರುವ ನಮ್ಮಂಥವರು ಈ ಎರಡು ಸಂಖ್ಯೆಯನ್ನು ಮರೆಯಬಾರದು.

ಅವ್ವನ ಎಣ್ಣೆ ಮತ್ತು 1250 ಮನೆಗಳು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಫಿಸಿಯೋಥೆರಪಿ ನಮ್ಮ ದೇಶಕ್ಕೆ ಬಂದದ್ದೇ ಮುಂಬಯಿ ಮೂಲಕ. ಪೋಲಿಯೋ ಹಾವಳಿಯ ಹಿನ್ನೆಲೆಯಲ್ಲಿ 1950ರ ದಶಕದ ಆರಂಭದಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ಶುರುವಾಯಿತು. 1955ರಲ್ಲಿ ಹಾಜಿ ಅಲಿಯಲ್ಲಿ ಪುನಶ್ಚೇತನಕ್ಕೆಂದೇ ಅಖಿಲ ಭಾರತ ಸಂಸ್ಥೆ ಬಂತು. ಆದರೆ ಡೊಂಬಿವಲಿಯಿಂದ ರೋಗಿಯನ್ನು ದಿನಾ ಲೋಕಲ್‌ನಲ್ಲಿ ಅಲ್ಲಿಗೆ ಕರೆದೊಯ್ಯೋದು ಆಗುವ ಮಾತಾ?

ವಾರಕ್ಕೆ ಎರಡು ಸಲ ಒಬ್ಬ ಹುಡುಗ ಮನೆಗೆ ಬರ್ತಿದ್ದ. ಅಪ್ಪನ ಎಡಗೈಗೆ ಕಾಲುಚೀಲ ಹಾಕಿ, ಬಲಗೈಯಿಂದಲೇ ಪುಠಾಣಿ ಎತ್ತಿ ಬಟ್ಟಲಿಗೆ ಹಾಕಿಸ್ತಿದ್ದ. ಅವ್ವನಿಗೆ ಅದು ಶಿಕ್ಷೆ ಕೊಟ್ಟ ಹಾಗೆ ಕಾಣ್ತಿತ್ತು. ಒಳ್ಳೆಯ ಕೈಯನ್ನು ಕಟ್ಟಿ ಸೋತ ಕೈಗೆ ಕೆಲಸ ಕೊಡುವ ಈ ಪದ್ಧತಿಯನ್ನು 222 ರೋಗಿಗಳ ಮೇಲೆ ಪರೀಕ್ಷಿಸಿ, 2006ರಲ್ಲಿ ಅಮೆರಿಕದಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದರು. ಬೆರಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಇದು.

ಉಳಿದ ಐದು ದಿನ ಅವ್ವನೇ. ಕೈ ಮಡಚಿಸೋದು, ಕಾಲು ಎತ್ತಿಸೋದು, ಎಣ್ಣೆ ತಿಕ್ಕೋದು. ಆದರೂ ಅಪ್ಪನ ಕೈ ಪೂರ್ತಿ ಬರಲಿಲ್ಲ. "ನಾನs ಸರಿಯಾಗಿ ಮಾಡಸಲಿಲ್ಲ" ಅಂತ ಅವ್ವ ಎಷ್ಟೋ ಸಲ ಅಂದಳು.

ನಮ್ಮ ದೇಶದಲ್ಲೇ ಇದಕ್ಕೊಂದು ದೊಡ್ಡ ಪ್ರಯೋಗ ನಡೆಯಿತು, ಅಟೆಂಡ್ ಅಂತ ಹೆಸರು. ಲುಧಿಯಾನದ ಡಾ. ಜೆಯರಾಜ್ ಪಾಂಡಿಯನ್, ಸಿಡ್ನಿಯ ಡಾ. ರಿಚರ್ಡ್ ಲಿಂಡ್ಲಿ ಮತ್ತು ಇತರರು ಸೇರಿ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ತಗೊಂಡರು. ಅರ್ಧ ಜನರ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ, ಉಳಿದವರಿಗೆ ಮಾಮೂಲಿ ಆರೈಕೆ. 2017ರಲ್ಲಿ ಬಂದ ಉತ್ತರ: ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇರುವವರು ಎರಡೂ ಗುಂಪಿನಲ್ಲಿ ಶೇ. 47. ಒಂದು ಚೂರೂ ವ್ಯತ್ಯಾಸ ಇಲ್ಲ.

ಇದರ ಅರ್ಥ ವ್ಯಾಯಾಮ ದಂಡ ಅಂತ ಅಲ್ಲ. ತಜ್ಞರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿದರೆ ಸಾಕು ಅನ್ನೋದು ಸಾಬೀತಾಗಲಿಲ್ಲ ಅಂತ. ನಾನು ಇದನ್ನು ಅವ್ವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. "1250 ಮನಿಯೊಳಗ ನೋಡ್ಯಾರ, ಅವ್ವಾ. ತರಬೇತಿ ತಗೊಂಡವರ ಕೈಲೂ ಇಷ್ಟs ಆಗೇತಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನನ್ನ ತಪ್ಪಲ್ಲ?" ಅಂತ ಕೇಳಿದಳು. ಸೋತ ಪ್ರಯೋಗ ಅಂತ ಕರೆಯೋದನ್ನು ನಾನು ಅವತ್ತೇ ಬಿಟ್ಟೆ.

ಕಸಬರಗಿ

ಕೊನೆಗೆ ಮಾತು. ಎಡ ಮೆದುಳಿಗೆ ಪೆಟ್ಟಾದ್ದರಿಂದ ಅಪ್ಪನಿಗೆ ಬಲಗೈ ಜೊತೆ ಮಾತೂ ಹೋಗಿತ್ತು. ವಾಕ್ ಚಿಕಿತ್ಸಕಿ ಚಿತ್ರ ತೋರಿಸಿ ಹಿಂದಿಯಲ್ಲಿ ಕೇಳ್ತಿದ್ದರು. ಬೀಗದ ಕೈ ತೋರಿಸಿದಾಗ ಅಪ್ಪ "ಚಾವಿ" ಅಂದರು, ಸರಿ ಅಂತ ಗುರುತು ಬಿತ್ತು. ಅದು ಹಿಂದಿಯೂ ಹೌದು, ನಮ್ಮ ಕಡೆಯ ಕನ್ನಡವೂ ಹೌದು. ಪೊರಕೆ ತೋರಿಸಿದಾಗ "ಕಸಬರಗಿ" ಅಂದರು. ಅರ್ಥವಿಲ್ಲದ ಶಬ್ದ ಅಂತ ಬರೆದುಕೊಂಡರು. ಪಕ್ಕದಲ್ಲಿದ್ದ ನಾನು, "ಮೇಡಂ, ಅದು ಸರಿಯಾದ ಉತ್ತರ" ಅಂದೆ. ಅವರು ತಕ್ಷಣ ತಿದ್ದಿಕೊಂಡು, ಮುಂದಿನ ಚಿತ್ರಗಳಿಗೆಲ್ಲ ನನ್ನನ್ನೇ ಕೇಳಲು ಬಿಟ್ಟರು. ಅಂಕ ಏರಿತು.

ಕನ್ನಡದಲ್ಲಿ ಇದಕ್ಕೆ ಪರೀಕ್ಷೆ ಇಲ್ಲವೇ ಅಂದ್ರೆ, ಇದೆ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿಂದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯ ಕನ್ನಡ ರೂಪದ ಅಂಕಿಅಂಶ 2008ರಲ್ಲೇ ಪ್ರಕಟವಾಗಿತ್ತು. ನಮಗೆ ಗೊತ್ತಿರಲಿಲ್ಲ.

ಇನ್ನೊಂದು ಅಧ್ಯಯನ ನಮ್ಮಂಥ ವಲಸೆಯವರಿಗೇ ಹೇಳಿಮಾಡಿಸಿದ ಹಾಗಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನ 608 ರೋಗಿಗಳನ್ನು ನೋಡಿ 2016ರಲ್ಲಿ ಬರೆದರು: ಲಕ್ವಾ ನಂತರ ಬುದ್ಧಿಶಕ್ತಿ ಸರಿಯಾಗಿ ಉಳಿದವರು, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5, ಒಂದೇ ಭಾಷೆಯವರಲ್ಲಿ ಶೇ. 19.6. ಆದರೆ ಮಾತು ಹೋಗುವ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಮನೆಯಲ್ಲಿ ಕನ್ನಡ, ಸ್ಟೇಷನ್‌ನಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್ ಅಂತ ನಾವು ಗೊಣಗ್ತೀವಲ್ಲ, ಅದು ಒಂದು ಥರದ ಉಳಿತಾಯ ಖಾತೆ ಇರಬಹುದು.

ಅಪ್ಪ ಮತ್ತೆ ಐದು ವರ್ಷ ಇದ್ದರು. ಮಾತು ಅರ್ಧ ಬಂತು, ಬಂದದ್ದೆಲ್ಲ ಕನ್ನಡವೇ.

ನಿಮ್ಮ ಹತ್ತಿರ ನನ್ನದು ಮೂರೇ ಕೋರಿಕೆ. ಮುಖ ಎಳೆದರೆ, ಕೈ ಸೋತರೆ, ಮಾತು ತೊದಲಿದರೆ, ಮೂರರಲ್ಲಿ ಒಂದಾದರೂ ಸರಿ, ಮೊದಲು ಗಡಿಯಾರ ನೋಡಿ ಗಂಟೆ ಬರೆದಿಡಿ. ನಿದ್ದೆಯಲ್ಲಿ ಆಗಿದ್ದರೆ, ಎದ್ದ ಗಂಟೆ ಅಲ್ಲ, ಕೊನೆಯ ಸಲ ಚೆನ್ನಾಗಿದ್ದ ಗಂಟೆ ಹೇಳಿ. ಎರಡನೇದು, ನಿಮ್ಮ ಮನೆಗೆ ಹತ್ತಿರ, ರಾತ್ರಿಯೂ ಸಿಟಿ ಸ್ಕ್ಯಾನ್ ಮಾಡಿ ಹೆಪ್ಪು ಕರಗಿಸುವ ಔಷಧಿ ಕೊಡುವ ಆಸ್ಪತ್ರೆ ಯಾವುದು ಅಂತ ಈ ವಾರವೇ ವಿಚಾರಿಸಿ. ಇಲ್ಲಿಯದೂ ವಿಚಾರಿಸಿ, ಊರಿನದೂ ವಿಚಾರಿಸಿ. ಮೂರನೇದು, ಮಾತಿನ ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬರು ಇರಲಿ.

ನಾಳೆ ಮೀಟಿಂಗ್ ಇದ್ದರೂ ಸರಿ, ಆ ರಾತ್ರಿ ಮಲಗಬೇಡಿ. ಮತ್ತೆ ಸಿಗೋಣ.