ಸಿಮೆಂಟಿನ ಮೇಲೆ ಬಂದ ಅಪವಾದ

ಸವೆದ ಸೊಂಟದ ಕೀಲಿಗೆ ಬದಲಿಯಾಗಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ 1962ರಲ್ಲಿ ಬಳಕೆಗೆ ತಂದ ಜೋಡಣೆಯಲ್ಲಿ ಮೇಲೊಂದು ಪಾಲಿಥಿನ್ ಬಟ್ಟಲು, ಅದರೊಳಗೆ ಲೋಹದ ಗುಂಡು. ಗುಂಡಿನ ಕೆಳಗಿನ ಲೋಹದ ಕಾಂಡವನ್ನು ತೊಡೆಮೂಳೆಯ ಪೊಳ್ಳಿನಲ್ಲಿ ಹಿಡಿದಿಟ್ಟದ್ದು ಸಿಮೆಂಟು. ಮನೆ ಕಟ್ಟುವ ಸಿಮೆಂಟಲ್ಲ, ದಂತವೈದ್ಯರಿಗೆ ಪರಿಚಿತವಾಗಿದ್ದ ಅಕ್ರಿಲಿಕ್. ಅದು ಗೋಂದಿನಂತೆ ಅಂಟುವುದಿಲ್ಲ. ಸಂದು ತುಂಬಿ ಬಿಗಿಗೊಳಿಸುತ್ತದೆ, ಅಷ್ಟೆ.

ವರ್ಷಗಳುರುಳಿದಂತೆ ಕೆಲವರಲ್ಲಿ ಕಾಂಡ ಸಡಿಲವಾಯಿತು; ಸುತ್ತಲಿನ ಮೂಳೆ ಕರಗಿತ್ತು. 1987ರಲ್ಲಿ ಇದಕ್ಕೆ ‘ಸಿಮೆಂಟ್ ರೋಗ’ ಎಂಬ ಹೆಸರೂ ಬಿತ್ತು. ಅಷ್ಟರಲ್ಲಾಗಲೇ ಸಿಮೆಂಟಿಲ್ಲದ ಕಾಂಡಗಳು ಬಂದಿದ್ದವು. ಇವುಗಳಲ್ಲಿ ಮೂಳೆಯೇ ಬೆಳೆದು ಲೋಹವನ್ನು ಹಿಡಿಯಬೇಕು. ಅದಕ್ಕಾಗಿ ಲೋಹದ ಮೈಮೇಲೆ ಸುಮಾರು 0.05ರಿಂದ 0.4 ಮಿ.ಮೀ. ಅಗಲದ ರಂಧ್ರಗಳು. ಆದರೆ ಮೊದಲ ವಾರಗಳಲ್ಲಿ ಕಾಂಡ ಕೂದಲೆಳೆಯಷ್ಟು ಅಲುಗಾಡಿದರೂ ಮೂಳೆಯ ಬದಲು ನಾರು ಬೆಳೆದೀತು! ಆದ್ದರಿಂದ ಪೊಳ್ಳನ್ನು ತುಸು ಕಿರಿದಾಗಿ ಕೊರೆದು, ಗೂಟ ಹೊಡೆದಂತೆ ಕಾಂಡವನ್ನು ಬಡಿದು ಕೂರಿಸುತ್ತಾರೆ.

ಇನ್ನೊಂದು ತೊಡಕು ಲೋಹದ ಗಡಸುತನದ್ದು. ಕೋಬಾಲ್ಟ್-ಕ್ರೋಮಿಯಂ ಮೂಳೆಗಿಂತ ಹತ್ತು ಪಟ್ಟಿಗೂ ಮಿಕ್ಕಿ ಬಾಗದ ಲೋಹ. ಮೈಭಾರವನ್ನೆಲ್ಲ ತಾನೇ ಹೊತ್ತರೆ ಮೂಳೆಗೆ ದುಡಿಮೆಯಿಲ್ಲ, ಅದು ಸೊರಗುತ್ತದೆ. ಹೀಗಾಗಿ ಅದರ ಅರ್ಧದಷ್ಟು ಬಿಗುವಿನ ಟೈಟಾನಿಯಂ, ಕೆಳಕ್ಕೆ ಸಪೂರವಾಗುವ ಆಕಾರ, ಮೇಲ್ಭಾಗಕ್ಕಷ್ಟೇ ಲೇಪ ಎಂದು ವಿನ್ಯಾಸ ಬದಲಾಯಿತು.

ವಿಚಿತ್ರವೆಂದರೆ, ಸಿಮೆಂಟಿಲ್ಲದ ಕಾಂಡದ ಸುತ್ತಲೂ ಮೂಳೆ ಕರಗಿದ್ದು ಕಂಡುಬಂತು. ಮುಖ್ಯ ಅಪರಾಧಿ ಬಟ್ಟಲಿನಿಂದ ಸವೆದು ಉದುರುವ ಪಾಲಿಥಿನ್ ಪುಡಿ. ದೇಹದ ಕಣಗಳು ಅದನ್ನು ನುಂಗಲು ಹೋಗಿ ಮೂಳೆಗೇ ಕುತ್ತು ತರುತ್ತಿದ್ದವು. ಮೂಳೆ ಶಿಥಿಲವಾದ ವೃದ್ಧರಲ್ಲಿ, ಬಡಿಯುವಾಗ ತೊಡೆಮೂಳೆ ಸೀಳುವ ಭಯದಿಂದ, ಅನೇಕ ಶಸ್ತ್ರವೈದ್ಯರು ಇಂದಿಗೂ ಸಿಮೆಂಟನ್ನೇ ಕಲಸುತ್ತಾರೆ.