ಹಿಂದಿನ ಚಕ್ರಕ್ಕೂ ಡಿಸ್ಕ್ ಹಾಕಿಸಿದರೆ ಹಳೆಯ ಕಾರು ಬೇಗ ನಿಲ್ಲುತ್ತದೆಯೇ?

ಚಿಕ್ಕ ಕಾರು, ದೊಡ್ಡ ಎಂಜಿನ್. ಇಂಥ ಗಾಡಿಗಳಿಗೆ ಹಾಟ್ ಹ್ಯಾಚ್ ಎನ್ನುತ್ತಾರೆ. ಪಾಲಿಯೋ 1.6, ಪೋಲೋ ಜಿಟಿ ಟಿಎಸ್‌ಐ, ಫಿಗೊ ಎಸ್, ಟಿಯಾಗೊ ಜೆಟಿಪಿ ಮುಂತಾದವನ್ನು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಆಸೆಪಟ್ಟು ಕೊಳ್ಳುವವರು ನಮ್ಮ ಹೊಸಪೇಟೆ, ಕಂಪ್ಲಿ ಕಡೆಯೂ ಇದ್ದಾರೆ. ಕೊಂಡ ಕೆಲವೇ ದಿನಕ್ಕೆ ಮೊಬೈಲ್‌ಗೆ ಒಂದು ಸಲಹೆ ಬಂದು ಬೀಳುತ್ತದೆ: ಹಿಂದಿನ ಡ್ರಮ್ ಬ್ರೇಕ್ ಕಿತ್ತುಹಾಕಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿಸಿ, ಗಾಡಿ ಅರ್ಧ ದೂರದಲ್ಲೇ ನಿಲ್ಲುತ್ತದೆ.

ಇದು ನಿಜವಲ್ಲ. ಕೆಲವು ಸಂದರ್ಭದಲ್ಲಿ ಅಪಾಯವೂ ಹೌದು. ಹಾಗೆಂದು ಹಳೆಯ ಕಾರಿನ ಬ್ರೇಕ್ ಸುಧಾರಿಸಲು ಸಾಧ್ಯವೇ ಇಲ್ಲ ಎಂದಲ್ಲ. ಖಂಡಿತ ಸಾಧ್ಯ, ಅದೂ ಕಡಿಮೆ ಖರ್ಚಿನಲ್ಲಿ. ಆದರೆ ಆ ದುಡ್ಡು ಹೋಗಬೇಕಾದದ್ದು ಬೇರೆ ಕಡೆಗೆ.

ಗಾಡಿಯನ್ನು ನಿಲ್ಲಿಸುವುದು ಯಾವುದು?

ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟೈರು. ನಾಲ್ಕು ಟೈರುಗಳು ರಸ್ತೆಗೆ ತಾಗುವ ಜಾಗ ಒಂದೊಂದೂ ಹೆಚ್ಚುಕಡಿಮೆ ಅಂಗೈಯಷ್ಟು. ಅಷ್ಟು ಜಾಗದ ಹಿಡಿತ ಮೀರಿತೆಂದರೆ ಚಕ್ರ ನಿಂತುಹೋಗಿ ಗಾಡಿ ಜಾರುತ್ತದೆ, ಎಬಿಎಸ್ ಇದ್ದರೆ ಪೆಡಲ್ ಕಾಲಿನಡಿ ಗಡಗಡ ಎನ್ನುತ್ತದೆ. ನಿಮ್ಮ ಕಾರಿನಲ್ಲಿ ಜೋರಾಗಿ ಒತ್ತಿದಾಗ ಹೀಗಾಗುತ್ತಿದ್ದರೆ ಬ್ರೇಕಿಗೆ ಬೇಕಾದಷ್ಟು ಶಕ್ತಿ ಈಗಾಗಲೇ ಇದೆ ಎಂದೇ ಅರ್ಥ. ಅದರ ಮೇಲೆ ಎಷ್ಟು ದೊಡ್ಡ ಡಿಸ್ಕ್ ಕೂರಿಸಿದರೂ ಟೈರಿನ ಹಿಡಿತ ಹೆಚ್ಚುವುದಿಲ್ಲ.

ಲೆಕ್ಕ ನೋಡಿ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ಇದ್ದರೆ 80 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 31 ಮೀಟರ್ ಬೇಕು. ಮಳೆಯಲ್ಲಿ, ಅಥವಾ ಸವೆದ ಟೈರಿನಲ್ಲಿ, ಅದೇ ಕಾರಿಗೆ 50 ಮೀಟರ್ ದಾಟುತ್ತದೆ. ಇದಕ್ಕೂ ಮೊದಲು, ಎದುರಿಗೆ ಏನೋ ಬಂತು ಎಂದು ನೀವು ಗಮನಿಸಿ ಕಾಲು ಎತ್ತಿಡುವ ಒಂದು ಸೆಕೆಂಡಿನಲ್ಲೇ ಗಾಡಿ 22 ಮೀಟರ್ ಓಡಿರುತ್ತದೆ. ಆ 22 ಮೀಟರನ್ನು ಯಾವ ಡಿಸ್ಕೂ ಕಡಿಮೆ ಮಾಡಲಾರದು.

ಕಮಲಾಪುರ ದಾಟಿ ಬುಕ್ಕಸಾಗರದ ಮೇಲೆ ಕಂಪ್ಲಿಗೆ ಹೋಗುವ ದಾರಿಯನ್ನು ನೆನಪಿಸಿಕೊಳ್ಳಿ. ನಾಟಿ ಕಾಲದಲ್ಲಿ ಗದ್ದೆಯಿಂದ ಏರಿದ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರು, ಸುಗ್ಗಿಯಲ್ಲಿ ರಸ್ತೆಗೆ ಹರಡಿದ ಭತ್ತ. ಕಾಳಿನ ಮೇಲೆ ಟೈರು ಹೋಗುವುದೆಂದರೆ ಸಣ್ಣ ಗುಂಡುಗಳ ಮೇಲೆ ಹೋದಂತೆ. ಅಲ್ಲಿ ಕೆಲಸಕ್ಕೆ ಬರುವುದು ಟೈರು, ನಿಧಾನ ಮತ್ತು ಎಬಿಎಸ್ ಮಾತ್ರ. ಎಬಿಎಸ್ ಕೂಡ ದೂರವನ್ನು ಪವಾಡದಂತೆ ಇಳಿಸುವುದಿಲ್ಲ. ಜೋರು ಬ್ರೇಕಿನಲ್ಲೂ ಸ್ಟಿಯರಿಂಗ್ ನಿಮ್ಮ ಮಾತು ಕೇಳುವಂತೆ ಮಾಡುವುದೇ ಅದರ ಮುಖ್ಯ ಕೆಲಸ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಗಾಡಿ ಕೊಳ್ಳುವಾಗ ಎಬಿಎಸ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಮೇಲೆ ಕೂರಿಸುವ ವಸ್ತು ಅದಲ್ಲ.

ಟೈರಿನ ವಯಸ್ಸನ್ನೂ ಓದಬಹುದು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇದೇ ಮೋಸ: ಗೆರೆ ಆಳವಾಗಿರುತ್ತದೆ, ರಬ್ಬರು ಮಾತ್ರ ಬಿಸಿಲಿಗೆ ಒಣಗಿ ಗಟ್ಟಿಯಾಗಿರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದು ಬೇಗ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಏಕೆ?

ದುಡ್ಡು ಉಳಿಸಲು ಎಂಬ ಉತ್ತರ ಅರ್ಧ ಸತ್ಯ. ಬ್ರೇಕ್ ಒತ್ತಿದಾಗ ಮೂತಿ ಬಗ್ಗುವುದನ್ನು ನೀವು ನೋಡಿಯೇ ಇರುತ್ತೀರಿ. ಆಗ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಎಂಜಿನ್ ಮುಂದೆ ಇರುವ ಚಿಕ್ಕ ಕಾರಿನಲ್ಲಿ ನಿಂತಾಗಲೇ 60 ಶೇಕಡಕ್ಕೂ ಹೆಚ್ಚು ಭಾರ ಮುಂದೆ ಇರುತ್ತದೆ, ಜೋರು ಬ್ರೇಕಿನಲ್ಲಿ ಅದು 80 ಶೇಕಡದ ಹತ್ತಿರಕ್ಕೆ ಹೋಗುತ್ತದೆ. ಹಿಂದಿನ ಚಕ್ರಗಳ ಮೇಲೆ ಭಾರವೇ ಉಳಿಯದಿದ್ದ ಮೇಲೆ ಅವು ಮಾಡುವ ಕೆಲಸವೂ ಕಡಿಮೆ. ಅಷ್ಟಕ್ಕೆ ಡ್ರಮ್ ಸಾಕು, ಹ್ಯಾಂಡ್ ಬ್ರೇಕ್ ಜೋಡಿಸುವುದೂ ಅದರಲ್ಲಿ ಸುಲಭ.

ಅಪಾಯ ಇರುವುದು ಇಲ್ಲೇ. ಹಿಂದೆ ಹೆಚ್ಚು ಬಲದ ಬ್ರೇಕ್ ಹಾಕಿದರೆ, ಭಾರ ಕಳೆದುಕೊಂಡ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲೇ ನಿಂತುಬಿಡುತ್ತದೆ. ಮುಂದಿನ ಚಕ್ರ ಮೊದಲು ಜಾರಿದರೆ ಕಾರು ನೇರ ಹೋಗುತ್ತದೆ. ಹಿಂದಿನದು ಮೊದಲು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಕಂಪನಿಯವರು ಇದೇ ಕಾರಣಕ್ಕೆ ಹಿಂದೆ ಹೋಗುವ ಒತ್ತಡವನ್ನು ಲೆಕ್ಕ ಹಾಕಿ ಮಿತಿಯಲ್ಲಿಟ್ಟಿರುತ್ತಾರೆ. 2015ರ ಅಬಾರ್ತ್ ಪುಂಟೊ, 2017ರ ಬಲೆನೊ ಆರ್‌ಎಸ್ ಕಾರುಗಳಲ್ಲಿ ನಾಲ್ಕೂ ಕಡೆ ಡಿಸ್ಕ್ ಬಂದಿತ್ತು ನಿಜ. ಆದರೆ ಅವುಗಳ ಮಾಸ್ಟರ್ ಸಿಲಿಂಡರ್, ಎಬಿಎಸ್ ಎಲ್ಲವೂ ಆ ಡಿಸ್ಕಿಗೆ ಹೊಂದಿಸಿದವು. ಗುಜರಿಯಿಂದ ತಂದ ಕ್ಯಾಲಿಪರ್ ಒಂದನ್ನೇ ಬೇರೆ ಗಾಡಿಗೆ ಕೂರಿಸಿದರೆ ಆ ಹೊಂದಾಣಿಕೆ ಅದರ ಜೊತೆ ಬರುವುದಿಲ್ಲ.

ಹಾಗಾದರೆ ದೊಡ್ಡ ಡಿಸ್ಕ್ ಯಾತಕ್ಕೆ?

ಬಿಸಿ ತಡೆಯಲಿಕ್ಕೆ. ಬ್ರೇಕ್ ಎಂದರೆ ವೇಗವನ್ನು ಬಿಸಿಯಾಗಿ ಬದಲಾಯಿಸುವ ಯಂತ್ರ. ಜನ ಕೂತ 1,200 ಕೆ.ಜಿ. ತೂಕದ ಕಾರು 100 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಬಿಸಿ, ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. 60ರಿಂದ ನಿಂತರೆ ಅರ್ಧ ಲೀಟರಿನಷ್ಟು. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಒಂದು ಸಲದ ಬಿಸಿಯನ್ನು ಕಂಪನಿಯ ಬ್ರೇಕ್ ಆರಾಮಾಗಿ ತಡೆಯುತ್ತದೆ. ಮೇಲಿಂದ ಮೇಲೆ ಬಂದಾಗ ತಡೆಯಲಾರದು. ಆಗ ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಧಾನವಾಗುವುದಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನೊಂದಿಗೆ ಗೆದ್ದಾಗ ಅದಕ್ಕಿದ್ದ ಅನುಕೂಲ ಇದೇ: ಸುತ್ತು ಸುತ್ತಿಗೂ ಬ್ರೇಕ್ ಬಿಸಿ ತಡೆದು ನಿಂತಿತು.

ನಮ್ಮಲ್ಲಿ ಇಂಥ ಬಿಸಿ ಎಲ್ಲಿ ಬರುತ್ತದೆ? ಕಂಪ್ಲಿಯ ಬಯಲಿನಲ್ಲಿ ಅಲ್ಲ, ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ. 200 ಮೀಟರ್ ಎತ್ತರದಿಂದ ಬರೀ ಬ್ರೇಕ್ ಹಿಡಿದೇ ಇಳಿದರೆ, 100ರ ವೇಗದಿಂದ ಐದು ಸಲ ನಿಂತಷ್ಟು ಶಕ್ತಿಯನ್ನು ಕರಗಿಸಬೇಕಾಗುತ್ತದೆ. ಅದರಲ್ಲಿ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಮುಂದೆ ಅದಿರಿನ ಲಾರಿ ಸಾಲು ಇದ್ದರಂತೂ ಕಾಲು ಪೆಡಲ್ ಬಿಡುವುದೇ ಇಲ್ಲ. ಇದಕ್ಕೆ ಪರಿಹಾರ ಬಿಟ್ಟಿ: ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಇಲ್ಲಿ ಇನ್ನೊಂದು ಫಾರ್ವರ್ಡ್‌ನ ವಿಷಯವೂ ಬರುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವುದು. ಕಾರ್ಬ್ಯುರೇಟರ್ ಕಾಲಕ್ಕೆ ಹುಟ್ಟಿದ ಮಾತು ಅದು. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು, ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ನಿಲ್ಲದಿರಲೆಂದು ಸ್ವಲ್ಪ ಸುಡುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಶುದ್ಧ ಹುಚ್ಚು. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ.

ಬ್ರೇಕ್ ಆಯಿಲ್: ಯಾರೂ ನೋಡದ ಡಬ್ಬಿ

ಹಳೆಯ ಕಾರಿನ ಬ್ರೇಕ್ ದುರ್ಬಲ ಎಂಬ ದೂರಿನ ಹಿಂದೆ ಆಗಾಗ ಇರುವುದು ಇದೇ. ಬ್ರೇಕ್ ಆಯಿಲ್ ಎಂದು ಕರೆಯುತ್ತೇವಾದರೂ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಉಪ್ಪು ಮಳೆಗಾಲದಲ್ಲಿ ನೀರು ಬಿಡುವುದು ಹೇಗೋ ಹಾಗೆ ಇದೂ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಲೆಕ್ಕ 205 ಮತ್ತು 140.

ಕುದಿದರೆ ಏನಾಗುತ್ತದೆ? ಪೈಪಿನಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ನೀವು ಒತ್ತಿದ ಬಲವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗಿ ಪೆಡಲ್ ನೆಲಕ್ಕೆ ಇಳಿಯುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಊರೊಳಗೆ ಚೆನ್ನಾಗಿಯೇ ಇದ್ದ ಬ್ರೇಕ್ ಘಾಟಿನಲ್ಲಿ ಕೈಕೊಡುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಏರ್ ತೆಗೆಸಿದರೆ ಸಾಕು. ಬರೀ ಮೇಲೆ ತುಂಬಿಸುವುದು ಬದಲಾಯಿಸಿದಂತೆ ಅಲ್ಲ. ದ್ರವಕ್ಕೆ ತಗಲುವುದು ಕೆಲವು ನೂರು ರೂಪಾಯಿ. ಡಬ್ಬಿ ಕಡಿಮೆಯಾಗಿದೆ ಎಂದು ಎಂಜಿನ್ ಆಯಿಲ್ ಹಾಕಿದವರ ಗಾಡಿಯಲ್ಲಿ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಡಾಟ್ 5 ಎಂಬುದು ಸಿಲಿಕೋನ್ ಜಾತಿ, ಇದರ ಜೊತೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಗ್ಲೈಕಾಲೇ. ಹೆಸರಿಟ್ಟವರು ಇನ್ನಷ್ಟು ಗೊಂದಲ ಮಾಡಲು ಸಾಧ್ಯವಿರಲಿಲ್ಲ.

ದುಡ್ಡು ಎಲ್ಲಿ ಹಾಕಬೇಕು?

ಮೊದಲು ಟೈರು, ಬ್ರೇಕ್ ಆಯಿಲ್. ಆಮೇಲೆ ಮುಂದಿನ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಬಿಚ್ಚಿ, ತೊಳೆದು, ಅದಕ್ಕೆಂದೇ ಇರುವ ಗ್ರೀಸ್ ಹಾಕಿಸಿ. ಸಂಡೂರು ದಾರಿಯಲ್ಲಿ ಓಡುವ ಗಾಡಿಗಳಿಗೆ ಕೆಂಪು ದೂಳು ಎಲ್ಲ ಸಂದಿಗೂ ಸೇರುತ್ತದೆ. ಪಿನ್ ಹಿಡಿದುಕೊಂಡರೆ ಎರಡು ಪ್ಯಾಡಿನಲ್ಲಿ ಒಂದೇ ಸವೆಯುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ. ಹಿಂದಿನ ಡ್ರಮ್ ಬಿಚ್ಚಿಸಿ ದೂಳು ತೆಗೆಸಿ, ಶೂ ಹೊಂದಿಸಿ. ಬರೀ ಇದರಿಂದಲೇ ಪೆಡಲ್ ಎಷ್ಟೋ ಮೇಲೆ ಬರುತ್ತದೆ. ಆದರೆ ಕಂಪ್ರೆಸರ್ ಗಾಳಿ ಹೊಡೆದು ಆ ದೂಳು ಹಾರಿಸಲು ಬಿಡಬೇಡಿ. ಹಳೆಯ, ಅಗ್ಗದ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಸಾಕು.

ರಬ್ಬರ್ ಹೋಸುಗಳು ಹತ್ತು ಹನ್ನೆರಡು ವರ್ಷ ಹಳೆಯವಾಗಿದ್ದರೆ ಬದಲಾಯಿಸುವುದೇ ಒಳ್ಳೆಯದು. ಸ್ಟೀಲ್ ಹೆಣೆದ ಹೋಸ್ ಹಾಕಿದರೆ ಪೆಡಲ್ ಗಟ್ಟಿಯಾಗಿ ಸಿಗುತ್ತದೆ. ಅದು ಕಾಲಿಗೆ ಸಿಗುವ ಸುಖ, ನಿಲ್ಲುವ ದೂರ ಹಾಗೆಯೇ ಇರುತ್ತದೆ.

ಪ್ಯಾಡ್ ಕೊಳ್ಳುವಾಗ ಅಂಚಿನಲ್ಲಿ ಅಚ್ಚಾದ ಕೊನೆಯ ಎರಡು ಅಕ್ಷರ ನೋಡಿ. ಅವು ಘರ್ಷಣೆಯ ದರ್ಜೆ: ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ. ‘ಇ’ಗಿಂತ ‘ಎಫ್’, ‘ಎಫ್’ಗಿಂತ ‘ಜಿ’ ಹೆಚ್ಚು ಹಿಡಿತ. ‘ಎಫ್‌ಎಫ್’ ಎಂದಿದ್ದರೆ ಬಿಸಿಯಾದರೂ ಹಿಡಿತ ಅದೇ ದರ್ಜೆಯಲ್ಲಿರುತ್ತದೆ, ದಿನದ ಓಡಾಟಕ್ಕೆ ಇದು ಚೆನ್ನ. ರೇಸಿನ ಪ್ಯಾಡ್ ಬೇಡ. ತಣ್ಣಗಿದ್ದಾಗ ಅದು ಹಿಡಿಯುವುದೇ ಇಲ್ಲ, ಬೆಳಿಗ್ಗೆ ಮನೆಯಿಂದ ಹೊರಟ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ ಎಂಟು ಹತ್ತು ಸಲ ಇಳಿಸಿ, ನಡುನಡುವೆ ತಣಿಯಲು ಬಿಡಿ, ಪೂರ್ತಿ ನಿಲ್ಲಿಸಬೇಡಿ. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಕೂರುವುದು ಆಗಲೇ.

ಇಷ್ಟಾದ ಮೇಲೂ ಬಿಸಿಯ ತೊಂದರೆ ಇದ್ದರೆ, ಅಂದರೆ ನೀವು ನಿಜಕ್ಕೂ ಘಾಟಿಯಲ್ಲೇ ಓಡಿಸುವವರಾದರೆ, ಅದೇ ಕಂಪನಿಯ ಅದೇ ಮಾದರಿಯ ದೊಡ್ಡ ಎಂಜಿನ್ ಗಾಡಿಗೆ ಬರುವ ಮುಂದಿನ ಡಿಸ್ಕ್, ಕ್ಯಾಲಿಪರ್ ಜೋಡಿಯ ಬಗ್ಗೆ ವಿಚಾರಿಸಬಹುದು. ದೊಡ್ಡ ಪಿಸ್ಟನ್ನಿಗೆ ಹೆಚ್ಚು ದ್ರವ ಬೇಕು. ಹಳೆಯ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡರೆ ಪೆಡಲ್ ಕೆಳಗೆ ಹೋಗುತ್ತದೆ. ಹಳೆಯ ರಿಮ್ಮಿನೊಳಗೆ ಡಿಸ್ಕ್ ಹಿಡಿಸದೆಯೂ ಇರಬಹುದು.

ಲೇತಿನಲ್ಲಿ ಡಿಸ್ಕಿಗೆ ತೂತು ಹೊಡೆಸಿದರೆ ತಂಪಾಗುತ್ತದೆ ಎನ್ನುವ ಸಲಹೆಯೂ ಓಡಾಡುತ್ತದೆ. ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ, ಬಿಸಿ ಹಿಡಿದಿಡುವ ಲೋಹವೂ ಕಡಿಮೆಯಾಗುತ್ತದೆ. ಡಿಸ್ಕ್ ಕಡೆಸುವುದಿದ್ದರೂ ಅದರ ಮೇಲೆ ಬರೆದ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗಬಾರದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಪ್ಯಾಡ್, ಆಯಿಲ್, ಹೋಸ್, ಅದೇ ಅಳತೆಯ ಡಿಸ್ಕ್ ಬದಲಾಯಿಸುವುದು ಸಾಮಾನ್ಯ ದುರಸ್ತಿ. ಡ್ರಮ್ ತೆಗೆದು ಡಿಸ್ಕ್ ಹಾಕಿಸುವುದಾದರೆ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಪಘಾತವಾದ ಮೇಲೆ ವಿಮೆಯವರು ಈ ವಿಷಯ ಎತ್ತುವ ಸಾಧ್ಯತೆ ಇದೆ.

ಇಳಿಜಾರಿನಲ್ಲಿ ಪೆಡಲ್ ಕೆಳಗೆ ಹೋದರೆ?

ಕಾಲು ಎತ್ತಿ ಎತ್ತಿ ಬೇಗ ಬೇಗ ಪಂಪ್ ಮಾಡಿ, ಸ್ವಲ್ಪ ಒತ್ತಡ ಮರಳಬಹುದು. ಜೊತೆಗೇ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಹಿಡಿದು ನಿಧಾನವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ನಿಂತು ಗಾಡಿ ತಿರುಗುತ್ತದೆ. ನಿಂತ ಮೇಲೆ ಡಿಸ್ಕಿಗೆ ನೀರು ಸುರಿಯಬೇಡಿ, ಕಾದ ಎರಕದ ಕಬ್ಬಿಣ ಬಿರುಕು ಬಿಡಬಹುದು. ಒಣಹುಲ್ಲಿನ ಮೇಲೂ ನಿಲ್ಲಿಸಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆಯಾದರೂ ತಣಿಯಲು ಬಿಡಿ. ತಣಿದ ಮೇಲೆ ಪೆಡಲ್ ಮೊದಲಿನಂತೆ ಗಟ್ಟಿಯಾದರೂ ಒಳಗಿನ ಆಯಿಲ್ ಅದೇ ಕುದಿದ ಆಯಿಲ್. ಉಳಿದ ಇಳಿಜಾರು ಮೊದಲ ಅಥವಾ ಎರಡನೇ ಗೇರಿನಲ್ಲೇ ಆಗಲಿ, ಮರುದಿನವೇ ಅದನ್ನು ಬದಲಾಯಿಸಿ. ತಣಿದರೂ ಪೆಡಲ್ ಮೆತ್ತಗೇ ಇದ್ದರೆ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗುವ ಗಾಡಿ ಕರೆಸಿ.